ಮೊದಲ ಸಿರಿಂಜು, ಕೊನೆಯ ಸರದಿ

1897ರ ಜನವರಿ. ಮುಂಬೈ ಪ್ಲೇಗಿನ ಹೊಡೆತಕ್ಕೆ ತತ್ತರಿಸುತ್ತಿದ್ದ ಕಾಲ. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಅದೇ ತಿಂಗಳು ಬೈಕುಲ್ಲಾ ಜೈಲಿನೊಳಗೂ ರೋಗ ಕಾಣಿಸಿಕೊಂಡಿತು. ಅಲ್ಲಿನ ಸುಮಾರು ಅರ್ಧದಷ್ಟು ಕೈದಿಗಳು ಹಾಫ್‌ಕಿನ್‌ನ ಲಸಿಕೆಗೆ ತೋಳೊಡ್ಡಿದರು, ಉಳಿದವರು ಹಾಗೆಯೇ ಇದ್ದರು. ಒಂದೇ ಗೋಡೆ, ಒಂದೇ ಊಟ, ಒಂದೇ ಗಾಳಿ. ಲಸಿಕೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಹೋಲಿಸಿ ನೋಡಲು ಇದಕ್ಕಿಂತ ಅನುಕೂಲವಾದ ಜಾಗ ಆ ನಗರದಲ್ಲಿ ಇನ್ನೊಂದಿರಲಿಲ್ಲ. ಲಸಿಕೆ ಪಡೆದವರಲ್ಲಿ ರೋಗ ಕಡಿಮೆಯಾಗಿದ್ದು ಕಂಡ ಮೇಲೆಯೇ ಹೊರಗಿನವರಿಗೆ ಧೈರ್ಯ ಬಂತು.

ಹಾಗಾದರೆ 2021ರಲ್ಲಿ, ಪರೀಕ್ಷೆಗಳೆಲ್ಲ ಮುಗಿದು ಕೋವಿಡ್ ಲಸಿಕೆ ಕೈಗೆ ಬಂದಾಗ, ಜೈಲು ಸಾಲಿನ ಎಲ್ಲಿ ನಿಂತಿತ್ತು? ಬಹುತೇಕ ಕಡೆ ಕೊನೆಯಲ್ಲಿ.

ಆಗ ಕೇಳಿಬಂದ ಪ್ರಶ್ನೆ ನಿಮಗೂ ನೆನಪಿರಬಹುದು. ‘ಕಳ್ಳಕಾಕರಿಗೆ ಲಸಿಕೆ, ನಿಯತ್ತಾಗಿ ಬಾಳಿದ ನಮ್ಮ ಅಪ್ಪ ಅಮ್ಮನಿಗೆ ಕಾಯುವ ಶಿಕ್ಷೆಯೇ?’ ಕೇಳಿದವರೆಲ್ಲ ಕಟುಕರಲ್ಲ. ಮನೆಯಲ್ಲಿ ವಯಸ್ಸಾದವರನ್ನು ಇಟ್ಟುಕೊಂಡು ಲಸಿಕೆಯ ಸ್ಲಾಟ್‌ಗಾಗಿ ಮೊಬೈಲ್ ಒತ್ತುತ್ತಾ ಕುಳಿತವರಿಗೆ ಆ ಸಿಟ್ಟು ಸಹಜ. ಆದರೆ ಸಿಟ್ಟನ್ನು ಸರ್ಕಾರಗಳೂ ನೀತಿ ಮಾಡಿಕೊಂಡವು ನೋಡಿ, ನನ್ನ ತಕರಾರು ಅಲ್ಲಿ. ಅಮೆರಿಕದ ಕೊಲೊರಾಡೊ ರಾಜ್ಯದ ತಜ್ಞರು 2020ರ ಕೊನೆಯಲ್ಲಿ ಸಿದ್ಧಪಡಿಸಿದ ಕರಡು ಯೋಜನೆಯಲ್ಲಿ ಕೈದಿಗಳಿಗೆ ಮುಂಚಿನ ಹಂತದಲ್ಲೇ ಜಾಗವಿತ್ತು. ಗದ್ದಲವೆದ್ದಿತು. ಯಾವ ಅಪರಾಧವನ್ನೂ ಮಾಡದವರಿಗಿಂತ ಮೊದಲು ಕೈದಿಗಳಿಗೆ ಲಸಿಕೆ ಹೋಗುವ ಮಾತೇ ಇಲ್ಲ ಎಂದು ಗವರ್ನರ್ ಜೇರೆಡ್ ಪೋಲಿಸ್ ಸಾರಿದರು. ವೈದ್ಯಶಾಸ್ತ್ರ ಹೇಳಿದ್ದನ್ನು ಚಾರಿತ್ರ್ಯ ಪ್ರಮಾಣಪತ್ರ ನೋಡಿ ತಿದ್ದಿದ ಹಾಗಾಯಿತು.

ಕುಡಿದು ವಾಹನ ಓಡಿಸಿ ಗೋಡೆಗೆ ಗುದ್ದಿದವನನ್ನು ತುರ್ತು ಚಿಕಿತ್ಸಾ ಘಟಕಕ್ಕೆ ತಂದಾಗ ವೈದ್ಯರು ರಕ್ತಸ್ರಾವ ನೋಡುತ್ತಾರೆ, ಪೊಲೀಸ್ ಎಫ್‌ಐಆರ್ ನೋಡುವುದಿಲ್ಲ. ಸಾಂಕ್ರಾಮಿಕದ ಕಾಲದ ಸರದಿಯೂ ಅಷ್ಟೇ. ಯಾರಿಗೆ ಅಪಾಯ ಹೆಚ್ಚು, ಯಾರಿಗೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ ಎಂಬುದೇ ಅಲ್ಲಿ ಅಳತೆ. ಈ ಎರಡರಲ್ಲೂ ಬಂದೀಖಾನೆಯವರು ಮುಂದಿದ್ದಾರೆ. ಮೇಲಾಗಿ, ಅವರ ದಾರಿಗಳನ್ನು ಮುಚ್ಚಿದ್ದು ನಾವೇ, ಅಂದರೆ ನಮ್ಮ ಹೆಸರಿನಲ್ಲಿ ಪ್ರಭುತ್ವ. ನನಗೆ ಜ್ವರ ಬಂದರೆ ನಾನೇ ಕಿಟಕಿ ತೆರೆದುಕೊಳ್ಳುತ್ತೇನೆ, ಬೇರೆ ಕೋಣೆಯಲ್ಲಿ ಮಲಗುತ್ತೇನೆ, ಬೇಕಾದ ವೈದ್ಯರ ಬಳಿ ಹೋಗುತ್ತೇನೆ. ಕೈದಿಗೆ ಈ ಮೂರಕ್ಕೂ ಇನ್ನೊಬ್ಬರ ಅಪ್ಪಣೆ ಬೇಕು. ತೀರ್ಪಿನಲ್ಲಿ ‘ಮೂರು ವರ್ಷ ಸಜೆ’ ಎಂದು ಬರೆದಿರುತ್ತದೆ. ‘ಜೊತೆಗೆ ನ್ಯುಮೋನಿಯಾ’ ಎಂದು ಯಾವ ನ್ಯಾಯಾಧೀಶರೂ ಬರೆಯುವುದಿಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನ ಕಥೆ ಇದಕ್ಕೆ ಸಾಕ್ಷಿ. 2020ರ ಮೇ ಕೊನೆಯವರೆಗೂ ಅಲ್ಲಿನ ಕೈದಿಗಳಲ್ಲಿ ಸೋಂಕು ಹಬ್ಬಿರಲಿಲ್ಲ. ಚೀನೊ ಎಂಬಲ್ಲಿನ ಜೈಲಿನಲ್ಲಿ ಸೋಂಕು ಏರುತ್ತಿದ್ದರಿಂದ, ಅಪಾಯದಲ್ಲಿದ್ದ ನೂರಿಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ‘ರಕ್ಷಿಸಲು’ ಬಸ್ಸಿನಲ್ಲಿ ತುಂಬಿ ಸ್ಯಾನ್ ಕ್ವೆಂಟಿನ್‌ಗೆ ಕಳುಹಿಸಿದರು. ಅವರಲ್ಲಿ ಅನೇಕರ ಪರೀಕ್ಷೆ ನಡೆದು ವಾರಗಳೇ ಕಳೆದಿದ್ದವು. ಮುಂದಿನದನ್ನು ಊಹಿಸಬಹುದು. ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಕೋಣೆಯಲ್ಲಿ ಇಬ್ಬರು. ಬಾಗಿಲೆಂದರೆ ಬರೀ ಸರಳುಗಳು. ಅಂಥ ಕೋಣೆಗಳ ಐದು ಅಂತಸ್ತು. ಜೂನ್‌ನಲ್ಲಿ ಅಲ್ಲಿಗೆ ಭೇಟಿ ಕೊಟ್ಟ ವೈದ್ಯಕೀಯ ತಜ್ಞರು, ಕಿಟಕಿಗಳನ್ನು ಬೆಸುಗೆ ಹಾಕಿ ಮುಚ್ಚಿರುವುದನ್ನು ತಮ್ಮ ತುರ್ತು ವರದಿಯಲ್ಲಿ ಬರೆದರು. ‘ಆರಡಿ ಅಂತರ ಕಾಯ್ದುಕೊಳ್ಳಿ’ ಎಂಬ ಫಲಕವನ್ನು ಅಲ್ಲಿ ಯಾವ ಗೋಡೆಗೆ ಅಂಟಿಸಬೇಕು? ಆ ಒಂದು ಜೈಲಿನಲ್ಲಿ 2200ಕ್ಕೂ ಹೆಚ್ಚು ಕೈದಿಗಳಿಗೆ ಸೋಂಕು ತಗುಲಿತು. 28 ಕೈದಿಗಳೂ ಒಬ್ಬ ಸಿಬ್ಬಂದಿಯೂ ಸತ್ತರು.

ಆ ಒಬ್ಬ ಸಿಬ್ಬಂದಿಯನ್ನು ಮರೆಯಬೇಡಿ. ಜೈಲಿನ ಗೋಡೆ ಕೈದಿಯನ್ನು ತಡೆಯಲು ಕಟ್ಟಿದ್ದು, ವೈರಾಣುವಿಗೆ ಅದು ಲೆಕ್ಕಕ್ಕಿಲ್ಲ. ಕಾವಲುಗಾರರು ಪಾಳಿ ಮುಗಿಸಿ ಮನೆಗೆ ಹೋಗುತ್ತಾರೆ, ಸಾಮಾನು ಸರಬರಾಜಿನವರು ಬಂದು ಹೋಗುತ್ತಾರೆ, ಜಾಮೀನು ಸಿಕ್ಕವರು ಬಸ್ಸು ಹತ್ತುತ್ತಾರೆ. ಶಿಕಾಗೋದ ಕುಕ್ ಕೌಂಟಿ ಜೈಲನ್ನು ಅಧ್ಯಯನ ಮಾಡಿದವರು, 2020ರ ಏಪ್ರಿಲ್ ಮಧ್ಯದ ಹೊತ್ತಿಗೆ ಇಲಿನಾಯ್ ರಾಜ್ಯದಲ್ಲಿ ದಾಖಲಾಗಿದ್ದ ಪ್ರಕರಣಗಳಲ್ಲಿ ಶೇಕಡ 15.7ರಷ್ಟಕ್ಕೆ ಆ ಒಂದೇ ಜೈಲಿನ ಒಳಹೊರಗಿನ ಓಡಾಟದ ನಂಟಿದೆ ಎಂದು ಕಂಡುಕೊಂಡರು. ಇದೇನೂ ಹೊಸ ವಿದ್ಯೆಯಲ್ಲ. 1577ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಚಾರಣೆಯೊಂದರ ಬೆನ್ನಿಗೆ ‘ಜೈಲು ಜ್ವರ’ ಹಬ್ಬಿ ನ್ಯಾಯಾಧೀಶರು, ಶೆರಿಫ್, ಪಂಚರು ಸೇರಿ ಸುಮಾರು ಮುನ್ನೂರು ಜನ ಸತ್ತರು. ತೀರ್ಪು ಕೊಡಲು ಕುಳಿತವರನ್ನೂ ಅದು ಬಿಡಲಿಲ್ಲ.

‘ಅಪರಾಧಿಗಳು’ ಎಂಬ ಮಾತಿಗೆ ಬರೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಅಂಕಿಅಂಶದ ಪ್ರಕಾರ, 2020ರ ಕೊನೆಗೆ ಭಾರತದ ಜೈಲುಗಳಲ್ಲಿದ್ದವರಲ್ಲಿ ಶೇಕಡ 76ರಷ್ಟು ಮಂದಿ ವಿಚಾರಣಾಧೀನರು. ಪ್ರತಿ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಶಿಕ್ಷೆಯ ಭಾಗವಾಗಿ ರೋಗ ಅನುಭವಿಸಲಿ ಎನ್ನುವವರಿಗೆ ಇಲ್ಲಿ ಶಿಕ್ಷೆಯೇ ಆಗಿಲ್ಲವಲ್ಲ ಎಂದು ನೆನಪಿಸಬೇಕಾಗುತ್ತದೆ.

ನಮ್ಮ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಬೇಗ ಎಚ್ಚೆತ್ತಿತ್ತು ಎಂಬುದನ್ನು ಒಪ್ಪಬೇಕು. 2020ರ ಮಾರ್ಚ್‌ನಲ್ಲೇ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು, ಯಾರನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದೆಂದು ತೀರ್ಮಾನಿಸಲು ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ರಚಿಸಲು ಹೇಳಿತು. ಎರಡನೇ ಅಲೆ ಬಂದಾಗ, 2021ರ ಮೇನಲ್ಲಿ, ಮತ್ತೆ ಆದೇಶಿಸಿತು. ಆ ಆದೇಶದಲ್ಲಿ ಒಂದು ವಿಚಿತ್ರ ಸತ್ಯವೂ ದಾಖಲಾಗಿದೆ. ತಮ್ಮ ಸಾಮಾಜಿಕ ಹಿನ್ನೆಲೆಯಿಂದಾಗಿ, ಹೊರಗಿನ ಸೋಂಕಿನ ಭಯದಿಂದಾಗಿ ಬಿಡುಗಡೆಯನ್ನೇ ಒಲ್ಲದ ಕೈದಿಗಳೂ ಇರಬಹುದು ಎಂದು ನ್ಯಾಯಾಲಯ ಗಮನಿಸಿತ್ತು. ಹೊರಗೆ ಹೋದರೆ ಮನೆ, ಕೂಲಿ, ಆಸ್ಪತ್ರೆ ಯಾವುದೂ ಖಾತ್ರಿಯಿಲ್ಲದವರಿಗೆ ಕಿಕ್ಕಿರಿದ ಬ್ಯಾರಕ್ಕೇ ವಾಸಿ ಎನಿಸಿದರೆ, ಆ ಮಾತು ಜೈಲಿಗಿಂತ ಹೆಚ್ಚಾಗಿ ಹೊರಗಿನ ನಮ್ಮ ಬಗ್ಗೆ ಹೇಳುತ್ತದೆ.

ಲಸಿಕೆಯ ವಿಷಯದಲ್ಲಿ ಮಾತ್ರ ನಮ್ಮ ಆಡಳಿತಕ್ಕೆ ತಮಾಷೆಯ ಗುಣವಿದೆ. ಲಸಿಕೆ ನೋಂದಣಿಯ ಕೋವಿನ್ ಜಾಲತಾಣದಲ್ಲಿ ಹೆಸರು ಬರೆಸಲು ಗುರುತಿನ ಚೀಟಿ ಬೇಕಿತ್ತು. ಜೈಲಿನಲ್ಲಿದ್ದ ಎಷ್ಟೋ ಜನರ ಬಳಿ ಅದಿರಲಿಲ್ಲ. ಗುರುತಿನ ಚೀಟಿಯಿಲ್ಲದವರಿಗೆ ಲಸಿಕೆ ಕೊಡುವ ಕಾರ್ಯವಿಧಾನವನ್ನು ಕೇಂದ್ರ ಆರೋಗ್ಯ ಸಚಿವಾಲಯ ಹೊರತಂದಿದ್ದು ಎರಡನೇ ಅಲೆ ಅಬ್ಬರಿಸುತ್ತಿದ್ದಾಗ. ಆ ಪಟ್ಟಿಯಲ್ಲಿ ಅಲೆಮಾರಿಗಳು, ಭಿಕ್ಷುಕರು, ವೃದ್ಧಾಶ್ರಮದವರ ಜೊತೆಗೆ ಕೈದಿಗಳೂ ಇದ್ದರು. ಯೋಚಿಸಿ. ಬೆರಳಚ್ಚು, ಭಾವಚಿತ್ರ, ಮೈಮೇಲಿನ ಮಚ್ಚೆ, ತಂದೆಯ ಹೆಸರು ಎಲ್ಲವನ್ನೂ ಬರೆದಿಟ್ಟುಕೊಂಡು, ದಿನಕ್ಕೆ ಹಲವು ಬಾರಿ ತಲೆ ಎಣಿಸುವ ಪ್ರಭುತ್ವಕ್ಕೇ ಆ ಮನುಷ್ಯ ಯಾರೆಂದು ಗುರುತು ಸಿಗಲಿಲ್ಲ.

ಹಾಗೆಂದು ಸಿರಿಂಜು ತಂದು ಚುಚ್ಚಿಬಿಟ್ಟರೆ ಮುಗಿಯಿತು ಎಂದಲ್ಲ. ಬಂಧನದಲ್ಲಿರುವವನು ವೈದ್ಯರನ್ನು ನಂಬದಿರಲು ಕಾರಣಗಳಿವೆ. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಕೈದಿಗಳ ಚರ್ಮದ ಮೇಲೆ ಬಗೆಬಗೆಯ ರಾಸಾಯನಿಕಗಳ ಪ್ರಯೋಗ ನಡೆಯಿತು. ಅದೆಲ್ಲ ಹಳೆಯದು ಎನ್ನುವಂತೆಯೂ ಇಲ್ಲ. ಕೋವಿಡ್ ಸಮಯದಲ್ಲೇ ಅರ್ಕಾನ್ಸಾಸ್‌ನ ಜೈಲೊಂದರ ಬಂಧಿತರು, ವಿಟಮಿನ್ ಎಂದು ಹೇಳಿ ತಮಗೆ ಹುಳುಗಳ ಸೋಂಕಿಗೆ ಕೊಡುವ ಐವರ್‌ಮೆಕ್ಟಿನ್ ಎಂಬ ಔಷಧ ನುಂಗಿಸಿದರು ಎಂದು ನ್ಯಾಯಾಲಯಕ್ಕೆ ಹೋದರು. ಇಂಥ ಕಡೆ ‘ಸ್ವಇಚ್ಛೆಯಿಂದ ತೆಗೆದುಕೊಳ್ಳಿ’ ಎಂದರೆ ಯಾರ ಇಚ್ಛೆ? ಉತ್ತರ ಕ್ಯಾರೊಲಿನಾದಲ್ಲಿ ಲಸಿಕೆ ಹಾಕಿಸಿಕೊಂಡವರ ಶಿಕ್ಷೆಯಲ್ಲಿ ಐದು ದಿನ ಕಡಿತದ ಆಮಿಷವಿತ್ತು. ನನಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಪೂರ್ತಿ ತಪ್ಪೆನ್ನಲೂ ಮನಸ್ಸು ಬರುವುದಿಲ್ಲ. ಹೊರಗಿನವರಿಗೂ ಆಗ ಬಹುಮಾನ, ಲಾಟರಿ ಕೊಟ್ಟಿದ್ದರಲ್ಲ. ಆದರೆ ಬಿಡುಗಡೆಯ ಒಂದೊಂದು ದಿನವನ್ನೂ ಎಣಿಸುವವನ ಮುಂದೆ ದಿನಗಳನ್ನೇ ಇಟ್ಟು ಕೇಳಿದರೆ ಅವನು ಲಸಿಕೆಯ ಬಗ್ಗೆ ಯೋಚಿಸಿ ಉತ್ತರಿಸಿದನೋ, ದಿನಗಳ ಬಗ್ಗೆಯೋ ಹೇಳುವುದು ಕಷ್ಟ.

ನಂಬಿಕೆ ಮುರಿಯುವ ಇನ್ನೊಂದು ಜಾಗ ಪ್ರತ್ಯೇಕವಾಸ. ಸೋಂಕಿತನನ್ನು ಬೇರೆ ಇಡಬೇಕು, ಸರಿ. ಆದರೆ ಹೆಚ್ಚಿನ ಜೈಲುಗಳಲ್ಲಿ ಬೇರೆ ಇಡಲು ಇರುವ ಖಾಲಿ ಕೋಣೆಯೆಂದರೆ ಶಿಕ್ಷೆಗೆ ಬಳಸುವ ಒಂಟಿ ಕೋಣೆಯೇ. ದಿನಕ್ಕೆ 22 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ, ಮಾತಿಗೂ ಜನರಿಲ್ಲದೆ ಕೂಡಿಹಾಕುವುದನ್ನು ಒಂಟಿ ಸೆರೆ ಎನ್ನುತ್ತವೆ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು. ಸತತ 15 ದಿನ ಮೀರಿದರೆ ಅದು ನಿಷಿದ್ಧ. ‘ಕೆಮ್ಮು’ ಎಂದು ಬಾಯಿ ಬಿಟ್ಟರೆ ಆ ಕೋಣೆ ಗತಿ ಎಂದು ಗೊತ್ತಾದವನು ಕೆಮ್ಮನ್ನು ಬಟ್ಟೆಯಲ್ಲಿ ಅದುಮಿಕೊಳ್ಳುತ್ತಾನೆ. ನಾನಾದರೂ ಹಾಗೆಯೇ ಮಾಡುತ್ತಿದ್ದೆ. ಅಲ್ಲಿ ಪುಸ್ತಕ, ಫೋನ್ ಕರೆ, ಒಂದಿಷ್ಟು ಬಿಸಿಲು ಕೊಟ್ಟಿದ್ದರೆ ಎಷ್ಟೋ ಜನ ತಾವಾಗಿಯೇ ಹೇಳಿಕೊಳ್ಳುತ್ತಿದ್ದರು.

ಸ್ಯಾನಿಟೈಸರ್ ಪ್ರಸಂಗವನ್ನಂತೂ ಹೇಳದೆ ಬಿಡಲಾರೆ. 2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಗವರ್ನರ್ ಆಂಡ್ರ್ಯೂ ಕ್ಯೂಮೊ ಪತ್ರಕರ್ತರ ಮುಂದೆ ಪರದೆ ಸರಿಸಿ, ರಾಜ್ಯವೇ ತಯಾರಿಸಿದ ಸ್ಯಾನಿಟೈಸರ್ ಬಾಟಲಿಗಳ ಸಾಲನ್ನು ಹೆಮ್ಮೆಯಿಂದ ತೋರಿಸಿದರು. ಶೇಕಡ 75 ಆಲ್ಕೋಹಾಲ್, ಹೂವಿನ ಪರಿಮಳ ಬೇರೆ. ಆ ಬಾಟಲಿಗಳನ್ನು ತುಂಬಿದವರು ಜೈಲಿನ ಕೈದಿಗಳು. ಅದೇ ಕೈದಿಗಳಿಗೆ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಇಟ್ಟುಕೊಳ್ಳುವುದು ನಿಷಿದ್ಧವಾಗಿತ್ತು. ನಮ್ಮಲ್ಲೂ ಹಲವು ರಾಜ್ಯಗಳ ಕೈದಿಗಳು ಹೊರಗಿನವರಿಗಾಗಿ ಮಾಸ್ಕ್ ಹೊಲಿದರು.

ಇನ್ನು ಬಂಧನದಲ್ಲಿ ಆರೋಗ್ಯವೆಂಬುದು ಎಷ್ಟು ಸಣ್ಣ ಸಣ್ಣ ವಸ್ತುಗಳಲ್ಲಿ ಅಡಗಿರುತ್ತದೆ ಎಂಬುದಕ್ಕೆ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾಗಿದ್ದ ಆದಿವಾಸಿ ಹಕ್ಕುಗಳ ಹೋರಾಟಗಾರ ಫಾದರ್ ಸ್ಟ್ಯಾನ್ ಸ್ವಾಮಿ ಅವರ ಸಿಪ್ಪರ್ ಲೋಟ ಸಾಕು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದುದರಿಂದ ಲೋಟ ಹಿಡಿಯಲಾಗದೆ, ಒಂದು ಸ್ಟ್ರಾ ಮತ್ತು ಸಿಪ್ಪರ್ ಕೊಡಿಸಿ ಎಂದು 2020ರ ನವೆಂಬರ್‌ನಲ್ಲಿ ಅವರು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಉತ್ತರಿಸಲು ತನಿಖಾ ಸಂಸ್ಥೆ 20 ದಿನ ಕಾಲಾವಕಾಶ ಕೇಳಿತು. ಮರುವರ್ಷ ಮೇ ಕೊನೆಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ಕೋವಿಡ್ ಪತ್ತೆಯಾಯಿತು. ಜುಲೈ 5ರಂದು, 84ರ ವಯಸ್ಸಿನಲ್ಲಿ, ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು. ಅವರ ಮೇಲಿನ ಆರೋಪಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಸ್ಟ್ರಾ ಕೊಡಲು ನ್ಯಾಯಾಲಯ ಬೇಕೇ?

ನ್ಯಾಯಾಲಯಗಳು ಕೆಲವು ಕಡೆ ಲಸಿಕೆಯನ್ನೂ ಕೊಡಿಸಿವೆ. 2021ರ ಫೆಬ್ರುವರಿಯಲ್ಲಿ ಒರೆಗಾನ್‌ನ ಫೆಡರಲ್ ನ್ಯಾಯಾಧೀಶೆಯೊಬ್ಬರು, ಮಾರ್ಚ್ ಕೊನೆಗೆ ನ್ಯೂಯಾರ್ಕಿನ ನ್ಯಾಯಾಧೀಶೆಯೊಬ್ಬರು, ಎಲ್ಲ ಕೈದಿಗಳಿಗೂ ಲಸಿಕೆ ನೀಡಬೇಕೆಂದು ಆದೇಶಿಸಿದರು. ಕಾವಲುಗಾರರಿಗೆ ಲಸಿಕೆ ಕೊಟ್ಟು, ಅವರು ಕಾಯುವವರಿಗೆ ಕೊಡದಿರುವುದಕ್ಕೆ ನ್ಯೂಯಾರ್ಕಿನಲ್ಲಿ ಸಮರ್ಥನೆಯೇ ಸಿಗಲಿಲ್ಲ. ವಿಪರ್ಯಾಸವೆಂದರೆ, ಕ್ಯಾಲಿಫೋರ್ನಿಯಾದಲ್ಲಿ ಲಸಿಕೆ ಎಲ್ಲರಿಗೂ ಸಿಗುವಂತಾದ ಮೇಲೆ ಕೈದಿಗಳಿಗಿಂತ ಸಿಬ್ಬಂದಿಯೇ ಹಿಂದೆ ಬಿದ್ದರು. ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಿ ಎಂದು ನ್ಯಾಯಾಲಯ ಹೇಳಿದರೆ ರಾಜ್ಯ ಸರ್ಕಾರವೇ ಮೇಲ್ಮನವಿ ಹಾಕಿತು.

ಹಾಗಾಗಿ ಪ್ರತಿ ಸಲವೂ ನ್ಯಾಯಾಧೀಶರ ದಯೆಗೆ ಕಾಯುವುದಕ್ಕಿಂತ, ಜೈಲಿನ ವೈದ್ಯರು ಯಾರ ಕೈಕೆಳಗಿದ್ದಾರೆ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು. ನಾರ್ವೆ 1988ರಲ್ಲಿ, ಫ್ರಾನ್ಸ್ 1994ರಲ್ಲಿ, ಇಂಗ್ಲೆಂಡ್ 2006ರ ಹೊತ್ತಿಗೆ ಕೈದಿಗಳ ಆರೋಗ್ಯದ ಹೊಣೆಯನ್ನು ಬಂದೀಖಾನೆ ಆಡಳಿತದಿಂದ ತೆಗೆದು ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಒಪ್ಪಿಸಿದವು. ಮಂಡೇಲಾ ನಿಯಮ 24 ಹೇಳುವುದೂ ಇದನ್ನೇ: ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆ, ಉಚಿತವಾಗಿ, ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಜೊತೆಗೂಡಿ. ವೈದ್ಯರ ವರ್ಗಾವಣೆ, ಬಡ್ತಿ, ರಜೆ ಎಲ್ಲವೂ ಜೈಲು ಅಧೀಕ್ಷಕರ ಸಹಿಗೆ ಕಾಯುತ್ತಿದ್ದರೆ, ‘ಈ ಬ್ಯಾರಕ್ಕಿನಲ್ಲಿ ಅರ್ಧ ಜನರನ್ನು ಖಾಲಿ ಮಾಡಿಸಿ’ ಎಂದು ಆ ವೈದ್ಯರು ಬರೆಯುವುದು ಕಷ್ಟ. ಜಿಲ್ಲಾ ಆರೋಗ್ಯಾಧಿಕಾರಿಗೆ ವರದಿ ಮಾಡುವವರಾದರೆ ಬರೆಯಬಹುದು. ಮುಂದಿನ ಸಾಂಕ್ರಾಮಿಕಕ್ಕೆ ಲಸಿಕೆಯ ಪಟ್ಟಿ ತಯಾರಿಸಲು ಕೂರುವವರು ಆ ಜಿಲ್ಲೆಯ ಜನಸಂಖ್ಯೆ ಬರೆಯುವಾಗ ಜೈಲಿನೊಳಗಿನವರನ್ನೂ ಸೇರಿಸಿಕೊಳ್ಳಲಿ, ಸಿಬ್ಬಂದಿಯ ಹೆಸರಿನ ಜೊತೆಗೇ, ಅದೇ ಹಾಳೆಯಲ್ಲಿ, ಅದೇ ದಿನಾಂಕಕ್ಕೆ.