ಸ್ಪಷ್ಟನೆ: ಎಬಿಎಸ್ ಇದ್ದರೆ ಬಸ್ಸು ತಾನೇ ನಿಲ್ಲುವುದಿಲ್ಲ
ಮುಂಬೈಯಿಂದ ಊರಿಗೆ ಹೋಗುವ ರಾತ್ರಿ ಬಸ್ಸುಗಳ ಬಗ್ಗೆ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಎಬಿಎಸ್ ಇರುವ ಬಸ್ಸನ್ನೇ ಹತ್ತಿ, ಡ್ರೈವರ್ ನಿದ್ದೆಹೋದರೂ ಬಸ್ಸು ತಾನೇ ನಿಲ್ಲುತ್ತದೆ." ಇದು ತಪ್ಪು. ಎಬಿಎಸ್ (ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್) ತಾನಾಗಿ ಬ್ರೇಕ್ ಹಾಕುವುದೇ ಇಲ್ಲ. ಡ್ರೈವರ್ ಪೆಡಲ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ಬ್ರೇಕಿನ ಗಾಳಿ ಒತ್ತಡವನ್ನು ಬಿಟ್ಟು ಹಿಡಿಯುತ್ತದೆ, ಅಷ್ಟೇ.

ತಾನೇ ಬ್ರೇಕ್ ಹಾಕುವುದು ಎಇಬಿಎಸ್ (ಅಡ್ವಾನ್ಸ್ಡ್ ಎಮರ್ಜೆನ್ಸಿ ಬ್ರೇಕಿಂಗ್ ಸಿಸ್ಟಮ್) ಎಂಬ ಬೇರೆಯೇ ವ್ಯವಸ್ಥೆ. ಸಾಮಾನ್ಯವಾಗಿ ಬಂಪರಿನ ರೇಡಾರ್, ಗಾಜಿನ ಹಿಂದಿನ ಕ್ಯಾಮೆರಾ ಎದುರಿನ ವಾಹನವನ್ನು ಗುರುತಿಸುತ್ತವೆ. ಮೊದಲು ಎಚ್ಚರಿಕೆ, ಆಮೇಲೆ ಬ್ರೇಕ್. ಆದರೆ ಎಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಡ್ರೈವರನ ಇಚ್ಛೆಯೆಂದುಕೊಂಡು ಅದು ಸುಮ್ಮನಾಗಬಹುದು. ತೂಕಡಿಸುವವನ ಕಾಲು ಎಲ್ಲಿರುತ್ತದೋ ಯಾರು ಬಲ್ಲರು! ಖಂಡಾಲ ಘಾಟಿಯಂಥ ತಿರುವಿನಲ್ಲಿ ಮುಂದಿನ ಲಾರಿ ರೇಡಾರಿಗೆ ತಡವಾಗಿ ಕಾಣುತ್ತದೆ. ರಸ್ತೆ ಬಿಟ್ಟು ಕಮರಿಯತ್ತ ಸರಿಯುವ ಬಸ್ಸನ್ನು ತಡೆಯುವುದು ಎಇಬಿಎಸ್‌ನ ಕೆಲಸವಲ್ಲ. ಮಳೆಗಾಲದ ಕೆಸರು ರೇಡಾರಿಗೆ ದಪ್ಪಗೆ ಮೆತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿ ವ್ಯವಸ್ಥೆಯೇ ಬಂದ್. ಒದ್ದೆ ಬಟ್ಟೆಯಿಂದ ಒರೆಸಬೇಕು. ಬಂಪರ್ ಬಿಚ್ಚಿ ಜೋಡಿಸಿದ ಮೇಲೆ ರೇಡಾರಿನ ಕೋನವನ್ನು ಮತ್ತೆ ಹೊಂದಿಸದಿದ್ದರೆ ಪಕ್ಕದ ಲೇನಿನ ವಾಹನಕ್ಕೂ ಬ್ರೇಕ್ ಬೀಳಬಹುದು.

ಟಿಕೆಟ್ ಮಾಡುವಾಗ ಎಬಿಎಸ್ ಬಗ್ಗೆ ಅಲ್ಲ, ಇಬ್ಬರು ಡ್ರೈವರ್‌ಗಳಿದ್ದಾರೆಯೇ ಎಂದು ಕೇಳಿ.