ಗೇಮಿನ ಕೋವಿ ಬಿಡಿ, ಆ ಪೆಟ್ಟಿಗೆ ನೋಡಿ

ಸ್ವಲ್ಪ ಉದ್ದ ಇದೆ, ಮನೆಯಲ್ಲಿ ಮಕ್ಕಳಿರುವವರು ದಯವಿಟ್ಟು ಓದಿ.

ಅಕ್ಕನ ಮಗ ಎಂಟನೇ ಕ್ಲಾಸು, ತೀರ್ಥಹಳ್ಳಿ ಹತ್ತಿರ ನಮ್ಮ ಮನೆಯಲ್ಲೇ ಇದ್ದು ಓದುತ್ತಾನೆ. ಅಪ್ಪಯ್ಯನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಅಂಗಡಿಯವರಿಗೋ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೋ ಫೋನಲ್ಲಿ ದುಡ್ಡು ಹಾಕಬೇಕಾದರೆ ಪಿನ್ ಒತ್ತುವವನು ಅವನೇ. ಕಳೆದ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಗೊತ್ತಾಯಿತು, 11 ದಿನದಲ್ಲಿ 4,300 ರೂಪಾಯಿ ಒಂದು ಗೇಮಿಗೆ ಹೋಗಿದೆ. 79, 159, ಮತ್ತೆ 79, ಹೀಗೆ ಚಿಲ್ಲರೆ ಚಿಲ್ಲರೆಯಾಗಿ. ಅಕ್ಕ ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಅದು.

ಮನೆಯಲ್ಲಿ ದೊಡ್ಡ ಗಲಾಟೆ. "ಆ ಗುಂಡು ಹೊಡೆಯೋ ಆಟ ಆಡಿ ಆಡಿಯೇ ಹುಡುಗ ಕಳ್ಳ ಆದ" ಅಂತ ಅಪ್ಪಯ್ಯ. ನನಗೆ ಇದನ್ನು ಒಪ್ಪುವುದಕ್ಕೆ ಆಗಲಿಲ್ಲ. ಇಪ್ಪತ್ತು ವರ್ಷದಿಂದ ಗೇಮ್ ಆಡುತ್ತಿದ್ದೇನೆ, ಟಿವಿಗೆ ಸಿಕ್ಕಿಸುವ ಕ್ಯಾಸೆಟ್ಟಿನ ಕಾಂಟ್ರಾದಿಂದ ಶುರು ಮಾಡಿ. ನಮ್ಮ ಮನೆ ಗೋಡೆಯಲ್ಲಿ ನಿಜವಾದ ಕೋವಿಯೇ ಇದೆ, ತೋಟಕ್ಕೆ ಮಂಗ, ಹಂದಿ ಬರುತ್ತವಲ್ಲ ಅದಕ್ಕೆ ಲೈಸೆನ್ಸ್ ತೆಗೆದದ್ದು, ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಕೊಟ್ಟು ಬರುತ್ತೇವೆ. ಅದನ್ನು ಮುಟ್ಟಬಾರದು ಅಂತ ಆ ಹುಡುಗನಿಗೆ ಮೂರನೇ ವಯಸ್ಸಿಗೇ ಗೊತ್ತಿತ್ತು. ಆಟದ ಕೋವಿ ಯಾವುದು, ನಿಜದ್ದು ಯಾವುದು ಅಂತ ಮಲೆನಾಡಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವತ್ತು ರಾತ್ರಿ ಬೈಯದೆ ಅವನ ಪಕ್ಕ ಕೂತು "ದುಡ್ಡು ಎಲ್ಲಿಗೆ ಹೋಯಿತು ತೋರಿಸು" ಅಂದೆ. ತೋರಿಸಿದ. ಗೇಮಿನೊಳಗೆ ಒಂದು ಪೆಟ್ಟಿಗೆ, ಒಳಗೆ ಏನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವುದು. ಒತ್ತಿದರೆ ಅದು ಅಲುಗಾಡುತ್ತದೆ, ಸಂದಿಯಿಂದ ಹಳದಿ ಬೆಳಕು ಬರುತ್ತದೆ, ಆಮೇಲೆ ಅಂಗಿ, ಟೋಪಿ, ಬಣ್ಣ ಬಳಿದ ಕೋವಿ ಎಲ್ಲಾ ಸಾಲಾಗಿ ಓಡಿ ನಿಧಾನವಾಗಿ ನಿಲ್ಲುತ್ತವೆ. ಅವನಿಗೆ ಬೇಕಾಗಿದ್ದ ಕೆಂಪು ಕೋವಿ ಕಣ್ಣೆದುರೇ ದಾಟಿಹೋಗಿ ಪಕ್ಕದ ಟೋಪಿ ಮೇಲೆ ನಿಂತಿತು. "ನೋಡು ಮಾವ, ಒಂಚೂರಲ್ಲಿ ತಪ್ಪೋಯ್ತು" ಅಂದ. ಅವನ ಹೆಬ್ಬೆರಳು ಆಗಲೇ ಮತ್ತೆ ಆ ಬಟನ್ ಮೇಲೆ ಇತ್ತು. ಒಂಚೂರಲ್ಲಿ ತಪ್ಪಿದ್ದಲ್ಲ ಅದು. ಒತ್ತಿದ ಕೂಡಲೇ ಏನು ಬರಬೇಕು ಅಂತ ತೀರ್ಮಾನ ಆಗಿರುತ್ತದೆ, ಓಡುವುದು ನಿಲ್ಲುವುದು ಎಲ್ಲಾ ಸುಮ್ನೆ ತೋರಿಸುವುದಕ್ಕೆ.

ಗೇಮಿನ ಹಿಂಸೆಯ ಬಗ್ಗೆ ಜಗಳ ಇವತ್ತಿನದಲ್ಲ. 1993ರಲ್ಲಿ ಅಮೆರಿಕದ ಸೆನೆಟ್ ಮಾರ್ಟಲ್ ಕಾಂಬ್ಯಾಟ್ ಅನ್ನುವ ರಕ್ತ ಹರಿಯುವ ಹೊಡೆದಾಟದ ಗೇಮನ್ನು ಮುಂದಿಟ್ಟುಕೊಂಡು ವಿಚಾರಣೆ ಮಾಡಿತು, ಮುಂದಿನ ವರ್ಷವೇ ಗೇಮಿನ ಡಬ್ಬಿ ಮೇಲೆ ವಯಸ್ಸಿನ ಗುರುತು ಬಂತು. 2019ರಲ್ಲಿ ಆಕ್ಸ್‌ಫರ್ಡ್‌ನವರು 14–15 ವಯಸ್ಸಿನ ಸುಮಾರು ಸಾವಿರ ಬ್ರಿಟಿಷ್ ಮಕ್ಕಳನ್ನೂ ಅವರ ಮನೆಯವರನ್ನೂ ಕೇಳಿ ನೋಡಿದರು, ಹಿಂಸೆಯ ಗೇಮಿಗೂ ಮಕ್ಕಳ ಜಗಳಗಂಟಿತನಕ್ಕೂ ನಂಟು ಸಿಗಲಿಲ್ಲ. 2020ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ, ಕಿರುಚುವುದು ತಳ್ಳಾಡುವುದು ಇಂಥದ್ದರ ಜೊತೆ ಸಣ್ಣ ನಂಟು ಇದೆ, ಆದರೆ ಕೊಲೆಯಂಥ ಹಿಂಸೆಗೆ ಗೇಮೇ ಕಾರಣ ಅನ್ನುವುದಕ್ಕೆ ಸಾಕ್ಷಿ ಸಾಲದು ಅಂದಿತು. ಆ ಸಣ್ಣ ನಂಟನ್ನು ನಾನು ಅಲ್ಲಗಳೆಯುವುದಿಲ್ಲ. ಸೋತಾಗ ಫೋನ್ ಎಸೆಯುವ ಹುಡುಗರನ್ನು ನಾನೂ ನೋಡಿದ್ದೇನೆ.

ಆದರೆ ನಾವು ಏನು ಸರಿ ಮಾಡಿಸಿಕೊಂಡೆವು ನೋಡಿ. 2020ರಲ್ಲಿ ಪಬ್‌ಜಿ ಬ್ಯಾನ್ ಆಯಿತು. 2021ರಲ್ಲಿ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಾಯಿಸಿಕೊಂಡು ಬಂದಾಗ ರಕ್ತದ ಬಣ್ಣ ಹಸಿರಾಗಿತ್ತು. 18 ವರ್ಷದ ಒಳಗಿನವರಿಗೆ ದಿನಕ್ಕೆ 3 ಗಂಟೆ ಅಂದರು, ಸರಿ. ಖರ್ಚಿಗೆ ಹಾಕಿದ ಮಿತಿ ಎಷ್ಟು ಗೊತ್ತಾ? ದಿನಕ್ಕೆ 7,000 ರೂಪಾಯಿ. ಮರ ಹತ್ತಿ ಕೊನೆ ಇಳಿಸುವವನಿಗೂ ದಿನಕ್ಕೆ ಅಷ್ಟು ಕೂಲಿ ಇಲ್ಲ. ರಕ್ತದ ಬಣ್ಣದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡೆವು, ಪೆಟ್ಟಿಗೆಯ ಬಗ್ಗೆ ಯಾರೂ ಕೇಳಲಿಲ್ಲ. ಬೆಲ್ಜಿಯಂನಲ್ಲಿ 2018ರಲ್ಲೇ ಇಂಥ ಪೆಟ್ಟಿಗೆ ಜೂಜು ಅಂತ ತೀರ್ಮಾನ ಮಾಡಿದ್ದಾರೆ. ನಮ್ಮ ಕಡೆ ಓಸಿ ಅಂದರೆ ನಂಬರಿನ ಜೂಜು ಬರೆಸಿ ಮನೆ ಹಾಳು ಮಾಡಿಕೊಂಡವರು ಊರಿಗೊಬ್ಬರಾದರೂ ಇದ್ದಾರೆ. 2007ರಲ್ಲಿ ರಾಜ್ಯದಲ್ಲಿ ಲಾಟರಿಯನ್ನೇ ನಿಲ್ಲಿಸಿದರು. ಅದೇ ಲಾಟರಿ ಈಗ ಎಂಟನೇ ಕ್ಲಾಸಿನ ಹುಡುಗನ ಕೈಗೆ ಬಂದು ಕೂತಿದೆ, ಗೆದ್ದರೂ ಸಿಗುವುದು ಕೋವಿಗೆ ಬಳಿಯುವ ಬಣ್ಣ.

ಆಟಿಕೆಯಲ್ಲೂ ಇದೇ ನಡೆಯುತ್ತಿದೆ. ಲಬೂಬು ಅಂತ ಹಲ್ಲು ಕಿಸಿಯುವ ಗೊಂಬೆ ನೋಡಿರಬಹುದು, ಈಗ ಶಿವಮೊಗ್ಗದಲ್ಲೂ ಕಾಲೇಜು ಬ್ಯಾಗುಗಳಲ್ಲಿ ನೇತಾಡುತ್ತದೆ, ಜಾಸ್ತಿ ಡೂಪ್ಲಿಕೇಟು. ಅಸಲಿಯನ್ನು ಮುಚ್ಚಿದ ಡಬ್ಬಿಯಲ್ಲಿ ಮಾರುತ್ತಾರೆ, ಒಳಗೆ ಯಾವುದಿದೆ ಅಂತ ಒಡೆದ ಮೇಲೆಯೇ ಗೊತ್ತಾಗುವುದು. ಅಪರೂಪದ ಗೊಂಬೆ 72 ಡಬ್ಬಿಗೆ ಒಂದು. ಅದನ್ನು ಮಾರುವ ಕಂಪನಿ ಇರುವ ಚೀನಾದಲ್ಲೇ 2023ರಲ್ಲಿ ಇಂಥ ಡಬ್ಬಿಯನ್ನು 8 ವರ್ಷದ ಒಳಗಿನ ಮಕ್ಕಳಿಗೆ ಮಾರಬಾರದು ಅಂತ ನಿಯಮ ಮಾಡಿದರು. ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಆರೇಳು ವರ್ಷದ ಹುಡುಗಿ ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು, ಅಮ್ಮ ಒಡೆದುಕೊಟ್ಟರು, ಮಗು ಗೊಂಬೆಯನ್ನು ಸರಿಯಾಗಿ ನೋಡಲೂ ಇಲ್ಲ, "ಇನ್ನೊಂದು" ಅಂದಳು. ಗೊಂಬೆ ಕೈಯಲ್ಲಿ ಇದ್ದೂ ಆಡಲಿಲ್ಲ ಅಲ್ವಾ, ನನಗೆ ಅದೇ ಸಂಕಟ ಆಗಿದ್ದು. ನಾನೂ ಗೇಮಿನ ಗೊಂಬೆಗಳನ್ನು ಕೂಡಿಡುತ್ತೇನೆ, ಕಪಾಟಿನಲ್ಲಿ ಹದಿನಾಲ್ಕು ಇವೆ. ಪ್ರತಿಯೊಂದನ್ನೂ ಎದುರಿಗೆ ನೋಡಿ, ರೇಟು ಕೇಳಿ, ಇಷ್ಟಪಟ್ಟು ತಂದದ್ದು.

ಅಪ್ಪಯ್ಯನ ಪಿನ್ ಬದಲಾಯಿಸಿದ್ದೇವೆ. ಗೇಮ್ ತೆಗೆಸಿಲ್ಲ, ಅದಕ್ಕೆ ಅಪ್ಪಯ್ಯನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಭಾನುವಾರ ಕರೆಂಟು, ನೆಟ್‌ವರ್ಕ್ ಎರಡೂ ಇದ್ದರೆ ನಾನೂ ಅವನೂ ಒಟ್ಟಿಗೆ ಆಡುತ್ತೇವೆ. ಪೆಟ್ಟಿಗೆ ಬಂದಾಗ ಈಗಲೂ ಅವನ ಬೆರಳು ಒಂದು ಕ್ಷಣ ನಿಲ್ಲುತ್ತದೆ, ನಾನು ಏನೂ ಹೇಳುವುದಿಲ್ಲ, ಅವನೇ ಮುಚ್ಚುತ್ತಾನೆ.

ಮುಂದಿನ ತಿಂಗಳು ಅವನ ಹುಟ್ಟುಹಬ್ಬ. ಶಿವಮೊಗ್ಗದಲ್ಲಿ ಒಳಗಿರುವುದನ್ನು ತೋರಿಸಿ ಮಾರುವ ಒಳ್ಳೆಯ ಗೊಂಬೆ ಅಂಗಡಿ ಗೊತ್ತಿದ್ದರೆ ಕೆಳಗೆ ಹೇಳಿ.