ಸತ್ಯಾಂಶ: ಕಷಾಯ ಸ್ವರತಂತಿಯನ್ನು ಮುಟ್ಟುವುದಿಲ್ಲ

ಮಲೆನಾಡಿನಲ್ಲಿ ಮಳೆ ಹಿಡಿದರೆ ಈ ಸಂದೇಶವೂ ಮೊಬೈಲಿಗೆ ಬರುತ್ತದೆ: ಧ್ವನಿ ಒಡೆದರೆ ಜೇನು, ಕಾಳುಮೆಣಸಿನ ಕಷಾಯ ಸ್ವರತಂತಿಯನ್ನು ತೊಳೆದು ಸರಿಮಾಡುತ್ತದೆ. ಕಳಿಸುವವರದು ಕಾಳಜಿಯೇ. ಬಿಸಿ ಕಷಾಯ ಗಂಟಲಿಗೆ ಹಿತವೂ ಹೌದು. ಆದರೆ ಅದು ಸ್ವರತಂತಿಯ ಮೇಲೆ ಹರಿಯುವುದಿಲ್ಲ.

ನೀವೇ ನೋಡಬಹುದು. ಗಂಟಲ ಮುಂದೆ ಬೆರಳಿಟ್ಟು ಉಗುಳು ನುಂಗಿ, ಸ್ವರತಂತಿಗಳಿರುವ ಧ್ವನಿಪೆಟ್ಟಿಗೆ ಮೇಲೇರುತ್ತದೆ. ಆ ಕ್ಷಣ ‘ಆ’ ಎನ್ನಲಾಗದು. ಸ್ವರತಂತಿಗಳು ಬಿಗಿಯಾಗಿ ಕೂಡಿ, ಮೇಲೆ ಮುಚ್ಚಳ ಬಾಗಿ, ನುಂಗಿದ್ದು ಅನ್ನನಾಳಕ್ಕೆ ಇಳಿಯುತ್ತದೆ.

ಶೀತದಿಂದ ಕಟ್ಟಿದ ಧ್ವನಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ತಿಳಿಯಾಗುತ್ತದೆ. ವಾಸಿಮಾಡಿದ ಹೆಸರು ಮಾತ್ರ ಕಷಾಯಕ್ಕೆ ಬರುತ್ತದೆ. 3 ವಾರ ದಾಟಿದರೆ ಕಿವಿ, ಮೂಗು, ಗಂಟಲಿನ ವೈದ್ಯರಿಂದ ಕ್ಯಾಮೆರಾ ಪರೀಕ್ಷೆ ಮಾಡಿಸಿ. ಕಾರಣ ಸ್ವರತಂತಿಯ ಮೇಲಿನ ಗಂಟಾಗಿರಬಹುದು, ಅಪರೂಪಕ್ಕೆ ಕ್ಯಾನ್ಸರ್ ಕೂಡ. ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ ಕಾಯಲೇಬೇಡಿ.

ದಿನವಿಡೀ ಪಾಠ ಹೇಳುವ ಮೇಷ್ಟ್ರಿಗೆ, ಯಕ್ಷಗಾನದ ಭಾಗವತರಿಗೆ ಬರುವ ಗಂಟು ಬಹಳ ಸಲ ಸ್ಪೀಚ್ ಥೆರಪಿಯಲ್ಲೇ ತಗ್ಗುತ್ತದೆ. ಒಂದು ಅಭ್ಯಾಸ: ಲೋಟದ ನೀರಿನಲ್ಲಿ ಸ್ಟ್ರಾ 2–3 ಸೆಂ.ಮೀ. ಅದ್ದಿ, ಗುಳ್ಳೆ ಏಳುವಂತೆ ಮೆಲ್ಲಗೆ ‘ಊ’ ಎನ್ನುವುದು. ನೀರಿನ ಎದುರೊತ್ತಡದಿಂದ ತಂತಿಗಳು ಜೋರಾಗಿ ಬಡಿದುಕೊಳ್ಳದೆ ಮೃದುವಾಗಿ ಕಂಪಿಸುತ್ತವೆ.

ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ: ಯಾವ ಕಾರಣದ ತೊಂದರೆಗೆ, ಎಷ್ಟು ದಿನ, ಗಂಟಲು ನೋಡಿದವರು ಯಾರು?